ಕೆಲಸದ ಸರದಿ

ಉತ್ತರದಲ್ಲಿ ಭೀಮಾ ನದಿ, ದಕ್ಷಿಣದಲ್ಲಿ ಕೃಷ್ಣೆ, ಇವೆರಡರ ನಡುವೆ ಡೋಣಿ. ಈ ಮೂರು ನದಿಗಳ ಸೀಮೆಯಾದ ವಿಜಯಪುರ ಜಿಲ್ಲೆಯು ತನ್ನ ಎರೆಭೂಮಿಗೆ ಹೆಸರಾದುದು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರ್ಪಟ್ಟ ತರುವಾಯ ಇಲ್ಲಿ ಐದು ತಾಲ್ಲೂಕುಗಳು ಉಳಿದವು. ಜಿಲ್ಲಾ ಕೇಂದ್ರದ ತಾಲ್ಲೂಕನ್ನು ಬಿಟ್ಟರೆ ಉಳಿದ ನಾಲ್ಕು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಇಂಡಿಯಲ್ಲಿ ಲಿಂಬೆಯ ತೋಟಗಳು, ಸಿಂದಗಿಯಲ್ಲಿ ತೊಗರಿ, ಕೃಷ್ಣೆಯ ಕಡೆಗೆ ನೀರಾವರಿಯ ಹೊಲಗಳು, ಎಲ್ಲೆಲ್ಲಿಯೂ ಹಿಂಗಾರಿಯ ಬಿಳಿಜೋಳ. ಬೆಳೆ ಯಾವುದೇ ಇರಲಿ, ಇಲ್ಲಿನ ಒಕ್ಕಲಿಗನ ಬದುಕಿನಲ್ಲಿ ಮಳೆಯಷ್ಟೇ ಮಹತ್ವದ ಇನ್ನೊಂದು ವಸ್ತುವಿದೆ. ಅದೊಂದು ಕಾಗದ. ಸರ್ಕಾರದ ಭಾಷೆಯಲ್ಲಿ ಅದು ಪಹಣಿ. ಈ ಭಾಗದ ಜನರ ಮಾತಿನಲ್ಲಿ ಉತಾರ.

ಹೊಲ ಯಾರದು, ಅದರ ಸರ್ವೆ ನಂಬರು ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಬೆಳೆ ಬಿತ್ತಲಾಗಿದೆ, ಅದರ ಮೇಲೆ ಯಾವ ಸಾಲವಿದೆ ಎಂಬ ವಿವರಗಳೆಲ್ಲವೂ ಉತಾರದಲ್ಲಿ ಇರುತ್ತವೆ. ಉತಾರವಿಲ್ಲದೆ ಬ್ಯಾಂಕಿನಲ್ಲಿ ಬೆಳೆಸಾಲ ದೊರೆಯದು. ತಂದೆಯ ಹೊಲವು ಮಕ್ಕಳ ಹೆಸರಿಗೆ ಆಗದು. ಹಿಂದೆ ಈ ದಾಖಲೆಗಳು ಕೈಬರಹದ ಪುಸ್ತಕಗಳಾಗಿ ತಲಾಟಿಗಳ ವಶದಲ್ಲಿದ್ದವು. ರಾಜ್ಯದಲ್ಲಿ ಸುಮಾರು 9,000 ಮಂದಿ ಇಂತಹ ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರ ಮೇಲೆ ಹಲವು ಹಳ್ಳಿಗಳ ಹೊಣೆ. ಅವರು ಒಂದು ಹಳ್ಳಿಯಲ್ಲಿರುವಾಗ ಉಳಿದ ಹಳ್ಳಿಗಳ ರೈತರು ಕಾಯಬೇಕಾಗುತ್ತಿತ್ತು. ಯಾರ ಅರ್ಜಿ ಮೊದಲು, ಯಾರದು ಆಮೇಲೆ ಎಂಬುದನ್ನು ಪುಸ್ತಕ ಹಿಡಿದವನ ಇಚ್ಛೆಯೇ ನಿರ್ಧರಿಸುತ್ತಿತ್ತು.

ಕರ್ನಾಟಕ ಸರ್ಕಾರವು ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲು ಕೈಗೊಂಡ ಯೋಜನೆಯೇ 'ಭೂಮಿ'. 2002ರ ವೇಳೆಗೆ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಗಳಲ್ಲಿ ಸೇರಿಕೊಂಡಿದ್ದವು, ಅಂದಿನ 177 ತಾಲ್ಲೂಕು ಕಚೇರಿಗಳಲ್ಲಿ ಉತಾರ ಕೊಡುವ ಕಿಟಕಿಗಳು ತೆರೆದಿದ್ದವು. ಆರಂಭದಲ್ಲಿ ಒಂದು ಪ್ರತಿಯ ಶುಲ್ಕ 15 ರೂಪಾಯಿ. ಗುಮಾಸ್ತನು ಏನನ್ನು ನೋಡುತ್ತಿರುವನೋ ಅದನ್ನೇ ರೈತನೂ ನೋಡಲು ಅನುವಾಗುವಂತೆ ಎರಡನೆಯ ಪರದೆಯೊಂದನ್ನು ಕಿಟಕಿಯ ಹೊರಮುಖಕ್ಕೆ ತಿರುಗಿಸಿ ಇರಿಸಲಾಗಿತ್ತು. ಗಣಕಯಂತ್ರವನ್ನು ಬಳಸುವ ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕಿತ್ತು. ಇವೆಲ್ಲಕ್ಕಿಂತಲೂ ಮಿಗಿಲಾದ ಏರ್ಪಾಡು ಮತ್ತೊಂದು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟುಮಾಡಿತು. ಮೊದಲು ಬಂದುದು ಮೊದಲು. ನಡುವೆ ನುಸುಳಲು ದಾರಿಯಿಲ್ಲ. ಯಂತ್ರದ ವೇಗವು ದೊಡ್ಡದೆಂದು ನಾವು ಸಾಮಾನ್ಯವಾಗಿ ಕೊಂಡಾಡುತ್ತೇವೆ. ಆದರೆ ಇಲ್ಲಿ ಬಡ ರೈತನಿಗೆ ದೊರೆತ ನಿಜವಾದ ಲಾಭ ವೇಗವಲ್ಲ, ಸರದಿ.

ಸರದಿ ಎಂಬ ಈ ಸಾಮಾನ್ಯ ವಿಷಯವು ಗಣಕ ವಿಜ್ಞಾನದಲ್ಲಿ ಬಹು ದೊಡ್ಡ ವಿಷಯವಾಗಿ ಬೆಳೆದಿದೆ. ಡೆನ್ಮಾರ್ಕ್ ದೇಶದ ಎರ್ಲಾಂಗ್ ಎಂಬ ಗಣಿತಜ್ಞನು ಟೆಲಿಫೋನ್ ಕರೆಗಳನ್ನು ಕುರಿತು 1909ರಲ್ಲಿ ಬರೆದ ಲೇಖನದಿಂದ ಸರದಿಯ ಗಣಿತ ಮೊದಲಾಯಿತು. ಅದರ ಒಂದು ಫಲಿತಾಂಶವನ್ನು ತಿಳಿದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಒಂದು ಕಿಟಕಿಯಲ್ಲಿ ಗಂಟೆಗೆ ಸರಾಸರಿ 10 ಜನರ ಕೆಲಸ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಜನರು ಯಾವುದೇ ಕ್ರಮವಿಲ್ಲದೆ ಬರುತ್ತಾರೆ. ಒಬ್ಬರ ಕೆಲಸಕ್ಕೆ ಹೆಚ್ಚು, ಇನ್ನೊಬ್ಬರದಕ್ಕೆ ಕಡಿಮೆ ಹೊತ್ತು ಹಿಡಿಯುತ್ತದೆ. ಗಂಟೆಗೆ ಸರಾಸರಿ 5 ಜನ ಬಂದರೆ ಒಬ್ಬನು ಕಚೇರಿಯಲ್ಲಿ ಕಳೆಯುವ ಹೊತ್ತು ಸರಾಸರಿ 12 ನಿಮಿಷ. 8 ಜನ ಬಂದರೆ 30 ನಿಮಿಷ. 9 ಜನ ಬಂದರೆ 60 ನಿಮಿಷ! ಎಂಟರಿಂದ ಒಂಬತ್ತಕ್ಕೆ ಏರಿದುದು ಒಬ್ಬನೇ ಮನುಷ್ಯ. ಆದರೆ ಕಾಯುವ ಹೊತ್ತು ಇಮ್ಮಡಿಸಿತು. ಬಿತ್ತನೆಯ ಮುನ್ನ ಸಾಲದ ಹಂಗಾಮು ಬಂದಾಗ ತಾಲ್ಲೂಕು ಕಚೇರಿಯ ಮುಂದೆ ಏಕಾಏಕಿ ಜನಜಂಗುಳಿ ಏರ್ಪಡುವುದರ ಗುಟ್ಟು ಇದೇ ಆಗಿದೆ. ಗುಮಾಸ್ತನು ಅಂದು ಸೋಮಾರಿಯಾದನೆಂದು ತಿಳಿಯಬೇಕಾಗಿಲ್ಲ.

ಕೆಲವು ಕೆಲಸಗಳು ಗಣಕಯಂತ್ರಕ್ಕೂ ಕ್ಷಣಮಾತ್ರದಲ್ಲಿ ಆಗುವಂಥವಲ್ಲ. ಒಂದು ಉತಾರವನ್ನು ತೆಗೆದು ತೋರಿಸುವುದು ಚಿಕ್ಕ ಕೆಲಸ. ಬರಗಾಲದ ವರ್ಷದಲ್ಲಿ ಒಂದಿಡೀ ಹಳ್ಳಿಯ ಉತಾರಗಳನ್ನು ಓದಿ, ಯಾವ ಹೊಲದಲ್ಲಿ ಯಾವ ಬೆಳೆ ಎಷ್ಟು ಗುಂಟೆ ಹಾನಿಯಾಯಿತೆಂದು ಕೂಡಿಸಿ, ರೈತರ ಪಟ್ಟಿಯನ್ನು ಸಿದ್ಧಪಡಿಸುವುದು ದೊಡ್ಡ ಕೆಲಸ. ಈ ದೊಡ್ಡ ಕೆಲಸವನ್ನು ಕಿಟಕಿಯಲ್ಲಿರುವ ಯಂತ್ರವೇ ಕೈಗೆತ್ತಿಕೊಂಡರೆ, ಅದು ಮುಗಿಯುವವರೆಗೆ ಹೊರಗಿನ ರೈತರೆಲ್ಲರೂ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಕೆಲಸವನ್ನು ಕೇಳಿಕೊಳ್ಳುವ ಯಂತ್ರ ಬೇರೆ, ಕೆಲಸವನ್ನು ಮಾಡುವ ಯಂತ್ರ ಬೇರೆ ಇರಬೇಕೆಂಬ ತತ್ತ್ವ ಹುಟ್ಟಿಕೊಂಡಿತು.

ಕಬ್ಬು ಕಡಿಯುವ ಹಂಗಾಮಿನಲ್ಲಿ ಈ ತತ್ತ್ವವನ್ನು ನೀವು ಕಣ್ಣಾರೆ ಕಂಡಿರುವಿರಿ. ಕಬ್ಬು ಕಡಿಸಬೇಕಾದವನು ಕೂಲಿಕಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅವನು ಮುಕಾದಮನಿಗೆ ಹೇಳುತ್ತಾನೆ. ಯಾವ ತಂಡ ಬಿಡುವಾಗಿದೆ ಎಂಬುದು ಮುಕಾದಮನಿಗೆ ಗೊತ್ತು. ಅವನು ತಾನು ಕುಡುಗೋಲು ಹಿಡಿಯುವುದಿಲ್ಲ. ಕೆಲಸವನ್ನು ಪಡೆದು ತಂಡಕ್ಕೆ ಒಪ್ಪಿಸುತ್ತಾನೆ, ಮುಗಿಯಿತೆಂಬ ಸುದ್ದಿಯನ್ನು ಹೊಲದವನಿಗೆ ತಲುಪಿಸುತ್ತಾನೆ. ಗಣಕಯಂತ್ರಗಳ ಲೋಕದಲ್ಲಿ ಕೆಲಸ ಒಪ್ಪಿಸುವವನಿಗೆ ಕ್ಲೈಂಟ್ ಎಂದೂ, ಮುಕಾದಮನಿಗೆ ಜಾಬ್ ಸರ್ವರ್ ಎಂದೂ, ಕೆಲಸ ಮಾಡುವ ತಂಡಕ್ಕೆ ವರ್ಕರ್ ಎಂದೂ ಹೆಸರು.

ಇಂತಹ ಏರ್ಪಾಡುಗಳು ಹಲವಿವೆ. ಅವುಗಳಲ್ಲಿ ಸರಳವೂ ಪ್ರಸಿದ್ಧವೂ ಆದ ಒಂದನ್ನು ಇಲ್ಲಿ ಪರಿಶೀಲಿಸೋಣ. ಅಮೆರಿಕದಲ್ಲಿ ಲೈವ್‌ಜರ್ನಲ್ ಎಂಬ ತಾಣವಿತ್ತು. ಲಕ್ಷಾಂತರ ಜನರು ತಮ್ಮ ದಿನಚರಿಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. ಅದನ್ನು ಕಟ್ಟಿದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ತರುಣನ ಸಂಸ್ಥೆಯು 2005ರಲ್ಲಿ ಗಿಯರ್‌ಮನ್ ಎಂಬ ಜಾಬ್ ಸರ್ವರನ್ನು ಹೊರತಂದಿತು. ಮೊದಲು ಪರ್ಲ್ ಭಾಷೆಯಲ್ಲಿದ್ದ ಅದನ್ನು ಕೆಲವು ವರ್ಷಗಳ ಬಳಿಕ ಹೆಚ್ಚಿನ ವೇಗಕ್ಕಾಗಿ ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಹೆಸರಿನಲ್ಲಿ ಒಂದು ವಿನೋದ ಅಡಗಿದೆ. ಇಂಗ್ಲಿಷಿನ 'ಮ್ಯಾನೇಜರ್' ಎಂಬ ಪದದ ಅಕ್ಷರಗಳನ್ನೇ ಹಿಂದುಮುಂದು ಮಾಡಿದರೆ 'ಗಿಯರ್‌ಮನ್' ಆಗುತ್ತದೆ. ತಾನು ಏನನ್ನೂ ಮಾಡದೆ ಇತರರಿಂದ ಮಾಡಿಸುವವನು ಎಂಬುದು ಅದರ ಇಂಗಿತ. ಮುಕಾದಮನ ಹೋಲಿಕೆಯು ಹೀಗೆ ನಿರ್ಮಾಪಕರಿಗೂ ಹೊಳೆದಿತ್ತೆನ್ನಬೇಕು.

ಇನ್ನು ಒಂದು ಕಲ್ಪಿತ ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ನಾಲ್ಕೂ ತಾಲ್ಲೂಕುಗಳ 480 ಹಳ್ಳಿಗಳಿಗೆ ಬೆಳೆಹಾನಿಯ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿದೆ. ಒಂದು ಹಳ್ಳಿಗೆ ಒಂದು ನಿಮಿಷ ಬೇಕು. ಒಂದೇ ಯಂತ್ರಕ್ಕೆ ಒಪ್ಪಿಸಿದರೆ 480 ನಿಮಿಷ, ಅಂದರೆ 8 ಗಂಟೆ. ಹಳ್ಳಿಯಿಂದ ಹಳ್ಳಿಗೆ ಸಂಬಂಧವಿಲ್ಲವಾದುದರಿಂದ ಕೆಲಸವನ್ನು ಹಂಚಬಹುದು. ತಾಲ್ಲೂಕಿಗೊಂದರಂತೆ 4 ಯಂತ್ರಗಳಿಗೆ 120 ಹಳ್ಳಿಗಳನ್ನು ಹಂಚಿದರೆ 2 ಗಂಟೆ ಸಾಕು. ಆದರೆ ಅವುಗಳಲ್ಲಿ ಒಂದು ಹಳೆಯ ಯಂತ್ರವಾಗಿದ್ದು ಅರ್ಧ ವೇಗದಲ್ಲಿ ಮಾತ್ರ ನಡೆಯುತ್ತದೆಯೆನ್ನೋಣ. ಆಗ ಮೂರು ಯಂತ್ರಗಳು 2 ಗಂಟೆಯಲ್ಲಿ ಕೆಲಸ ಮುಗಿಸಿ ಸುಮ್ಮನೆ ಕುಳಿತಿರುತ್ತವೆ. ನಾಲ್ಕನೆಯದು 4 ಗಂಟೆಯವರೆಗೆ ಏದುಸಿರು ಬಿಡುತ್ತಿರುತ್ತದೆ. ಆ ಒಂದು ತಾಲ್ಲೂಕಿನ ರೈತರು ಯಾವ ತಪ್ಪೂ ಇಲ್ಲದೆ ಹಿಂದೆ ಬೀಳುತ್ತಾರೆ.

ಜಾಬ್ ಸರ್ವರ್ ಹೀಗೆ ಮುಂಚಿತವಾಗಿ ಪಾಲು ಹಾಕುವುದಿಲ್ಲ. 480 ಕೆಲಸಗಳನ್ನೂ ಒಂದೇ ಸರದಿಯಲ್ಲಿ ನಿಲ್ಲಿಸುತ್ತದೆ. ಬಿಡುವಾದ ವರ್ಕರ್ ತಾನಾಗಿಯೇ ಬಂದು, 'ಕೆಲಸವಿದೆಯೇ?' ಎಂದು ಕೇಳಿ ಒಂದನ್ನು ಒಯ್ಯುತ್ತದೆ. ಮುಗಿಸಿ ಮತ್ತೊಂದಕ್ಕೆ ಬರುತ್ತದೆ. ವೇಗದ ಯಂತ್ರವು ಹೆಚ್ಚು ಬಾರಿ ಬರುತ್ತದೆ, ನಿಧಾನದ್ದು ಕಡಿಮೆ ಬಾರಿ ಬರುತ್ತದೆ. ಮೂರು ಯಂತ್ರಗಳು ನಿಮಿಷಕ್ಕೆ ಒಂದೊಂದು, ನಾಲ್ಕನೆಯದು ನಿಮಿಷಕ್ಕೆ ಅರ್ಧ, ಒಟ್ಟು ಮೂರೂವರೆ ಹಳ್ಳಿಗಳು. 480ನ್ನು ಮೂರೂವರೆಯಿಂದ ಭಾಗಿಸಿದರೆ ಸುಮಾರು 137 ನಿಮಿಷ. ಯಂತ್ರಗಳು ಅವೇ, ಹಂಚಿಕೆಯ ರೀತಿಯೊಂದನ್ನು ಬದಲಿಸಿದ ಮಾತ್ರಕ್ಕೆ 240 ನಿಮಿಷಗಳ ಕೆಲಸವು 137ಕ್ಕೆ ಇಳಿಯಿತು. ಕೆಲಸವಿಲ್ಲದಾಗ ವರ್ಕರ್ ಪದೇ ಪದೇ ಬಂದು ಕೇಳುತ್ತ ಸರ್ವರನ್ನು ಪೀಡಿಸುವುದಿಲ್ಲವೆಂಬುದನ್ನೂ ಗಮನಿಸಬೇಕು. ತಾನು ಮಲಗುವುದಾಗಿ ತಿಳಿಸಿ ಮಲಗುತ್ತದೆ. ಹೊಸ ಕೆಲಸ ಬಂದಾಗ ಸರ್ವರ್ ಅದನ್ನು ತಟ್ಟಿ ಎಬ್ಬಿಸುತ್ತದೆ.

ಇಲ್ಲಿ ಕೆಲಸ ಒಪ್ಪಿಸುವವನ ಕಡೆಗೆ ತಿರುಗೋಣ. ಕ್ಲೈಂಟ್ ಮತ್ತು ಸರ್ವರ್ ಜಾಲದ ಮೂಲಕ ಪರಸ್ಪರ ಕಳುಹಿಸುವುದು ಬೈಟುಗಳ ಸಾಲನ್ನು. ಆ ಸಾಲಿನ ರೂಪವು ಅತ್ಯಂತ ಕಟ್ಟುನಿಟ್ಟಿನದು. ಗಿಯರ್‌ಮನ್‌ನಲ್ಲಿ ಪ್ರತಿಯೊಂದು ಸಂದೇಶಕ್ಕೂ ಮೊದಲು 12 ಬೈಟುಗಳ ತಲೆಬರಹವಿರುತ್ತದೆ. ಮೊದಲ 4 ಬೈಟುಗಳಲ್ಲಿ ಒಂದು ಸೊನ್ನೆ, ಬಳಿಕ ಆರ್, ಇ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು. ಇದು ಕೋರಿಕೆಯ ಗುರುತು. ಮುಂದಿನ 4 ಬೈಟುಗಳಲ್ಲಿ ಸಂದೇಶದ ಬಗೆಯನ್ನು ಸೂಚಿಸುವ ಸಂಖ್ಯೆ. ಕೊನೆಯ ನಾಲ್ಕರಲ್ಲಿ ಮುಂದೆ ಬರುವ ವಿಷಯದ ಉದ್ದ. ಆ ಮೇಲೆ ಕೆಲಸದ ಹೆಸರು, ಅದರ ವಿಶಿಷ್ಟ ಗುರುತು, ಕೆಲಸಕ್ಕೆ ಬೇಕಾದ ವಿವರ, ಇವುಗಳ ನಡುವೆ ಒಂದೊಂದು ಸೊನ್ನೆ ಬೈಟು. ಒಂದು ಬೈಟು ಹೆಚ್ಚುಕಡಮೆಯಾದರೂ ಸರ್ವರಿಗೆ ಏನೂ ಅರ್ಥವಾಗದು.

ಬೆಳೆಹಾನಿಯ ಲೆಕ್ಕವನ್ನು ಬರೆಯುವ ತಂತ್ರಾಂಶಕಾರನು ಈ ಬೈಟುಗಳನ್ನು ಎಣಿಸುತ್ತ ಕೂಡಬೇಕೆ? ಬೇಕಾಗಿಲ್ಲ. ಅದಕ್ಕಾಗಿಯೇ ಕ್ಲೈಂಟ್ ಲೈಬ್ರರಿ ಇದೆ. ಲೈಬ್ರರಿ ಎಂದೊಡನೆ ಪುಸ್ತಕಗಳ ಕಪಾಟು ಕಣ್ಮುಂದೆ ಬರುವುದು ಸಹಜ. ಇಲ್ಲಿ ಆ ಶಬ್ದದ ಅರ್ಥ ಬೇರೆ. ಒಮ್ಮೆ ಬಲ್ಲವರು ಬರೆದಿಟ್ಟು, ಮತ್ತೆ ಮತ್ತೆ ಎಲ್ಲರೂ ಬಳಸಲು ಬರುವ ಆಜ್ಞೆಗಳ ಸಂಗ್ರಹವೇ ಲೈಬ್ರರಿ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಕುಳಿತ ಅರ್ಜಿ ಬರೆಯುವವನಿಗೆ ಇದನ್ನು ಹೋಲಿಸಬಹುದು. ರೈತನು ತನ್ನ ಮಾತಿನಲ್ಲಿ ಬೇಕಾದುದನ್ನು ಹೇಳುತ್ತಾನೆ. ಯಾವ ನಮೂನೆ, ಎಲ್ಲಿ ಮುದ್ರೆ, ಎಲ್ಲಿ ಸಹಿ ಎಂಬುದನ್ನು ಬರೆಯುವವನು ನೋಡಿಕೊಳ್ಳುತ್ತಾನೆ. ಪಿಎಚ್‌ಪಿ, ಪೈಥಾನ್, ಜಾವಾ, ಪರ್ಲ್ ಮೊದಲಾದ ಭಾಷೆಗಳಿಗೆ ಬೇರೆ ಬೇರೆ ಲೈಬ್ರರಿಗಳಿವೆ. ಕೆಲಸ ಒಪ್ಪಿಸುವವನು ಒಂದು ಭಾಷೆಯನ್ನೂ ಕೆಲಸ ಮಾಡುವವನು ಮತ್ತೊಂದು ಭಾಷೆಯನ್ನೂ ಬಳಸಿದರೆ ಬಾಧಕವಿಲ್ಲ. ನಡುವಣ ಬೈಟುಗಳ ನಮೂನೆ ಒಂದೇ ಆಗಿರುತ್ತದೆಯಲ್ಲವೇ!

ಬಳಸುವ ವಿಧಾನವು ಸರಳವಾಗಿದೆ. ಮೊದಲಿಗೆ ತಂತ್ರಾಂಶದಲ್ಲಿ ಒಂದು ಕ್ಲೈಂಟನ್ನು ಸೃಷ್ಟಿಸಬೇಕು. ಅದಕ್ಕೆ ಜಾಬ್ ಸರ್ವರಿನ ವಿಳಾಸವನ್ನೂ ಬಾಗಿಲ ಸಂಖ್ಯೆಯನ್ನೂ ತಿಳಿಸಬೇಕು. ಗಿಯರ್‌ಮನ್‌ಗೆ ಗೊತ್ತುಪಡಿಸಿದ ಬಾಗಿಲು 4730. ಅನಂತರ 'ಬೆಳೆಹಾನಿ ಪಟ್ಟಿ' ಎಂಬಂತೆ ಕೆಲಸದ ಹೆಸರನ್ನೂ ಹಳ್ಳಿಯ ವಿವರವನ್ನೂ ಕೊಟ್ಟು ಒಪ್ಪಿಸಬೇಕು. ಯಾವ ಯಂತ್ರವು ಆ ಕೆಲಸವನ್ನು ಮಾಡುತ್ತದೆಂಬುದು ಕ್ಲೈಂಟಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆ ಹೆಸರಿನ ಕೆಲಸವನ್ನು ತಾನು ಬಲ್ಲೆನೆಂದು ಮೊದಲೇ ಸರ್ವರಿಗೆ ತಿಳಿಸಿರುವ ಯಾವುದಾದರೊಂದು ವರ್ಕರ್ ಅದನ್ನು ಎತ್ತಿಕೊಳ್ಳುತ್ತದೆ.

ಒಪ್ಪಿಸುವುದರಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಕಾದು ನಿಂತು ಫಲವನ್ನು ಪಡೆಯುವುದು. ಎರಡನೆಯದು ಒಪ್ಪಿಸಿ ಚೀಟಿ ಪಡೆದು ಹೊರಟುಹೋಗುವುದು. ತಲೆಬರಹದ ಬಗೆಯ ಸಂಖ್ಯೆ 7 ಆದರೆ ಮೊದಲನೆಯದು, 18 ಆದರೆ ಎರಡನೆಯದು. ಎರಡರಲ್ಲಿಯೂ ಸರ್ವರ್ ಒಂದು ಗುರುತಿನ ಚೀಟಿಯನ್ನು ಹಿಂದಿರುಗಿಸುತ್ತದೆ. ಬಿಟ್ಟುಹೋದವನು ಆಮೇಲೆ ಆ ಚೀಟಿಯನ್ನು ತೋರಿಸಿ, ಕೆಲಸವು ಎಲ್ಲಿಯವರೆಗೆ ಬಂದಿದೆ ಎಂದು ವಿಚಾರಿಸಬಹುದು. ವರ್ಕರ್ ತನ್ನ ಪ್ರಗತಿಯನ್ನು ತಿಳಿಸುತ್ತಿದ್ದರೆ, '300 ಹೊಲಗಳಲ್ಲಿ 120 ಮುಗಿದಿವೆ' ಎಂಬಂತಹ ಉತ್ತರ ದೊರೆಯುತ್ತದೆ. ಆದರೆ ಬಿಟ್ಟುಹೋದ ಕೆಲಸದ ಫಲವನ್ನು ಸರ್ವರ್ ಕಾಪಾಡಿ ಇಟ್ಟಿರುವುದಿಲ್ಲ. ವರ್ಕರ್ ಅದನ್ನು ಎಲ್ಲಿಯಾದರೂ ಬರೆದಿಟ್ಟಿರಬೇಕು. ಹೊಸಬರು ಹಲವರು ಇದನ್ನು ಮರೆತು, ಪಟ್ಟಿ ಎಲ್ಲಿ ಹೋಯಿತೆಂದು ಹುಡುಕಾಡುವುದುಂಟು. ಉತಾರಕ್ಕಾಗಿ ಕಿಟಕಿಯಲ್ಲಿ ನಿಂತವನ ಕೆಲಸಕ್ಕೆ ಮೊದಲ ಬಗೆ, ಬರಗಾಲದ ಪಟ್ಟಿಯಂಥ ದೀರ್ಘ ಕೆಲಸಕ್ಕೆ ಎರಡನೆಯ ಬಗೆ ಉಚಿತ. ಇವೆರಡರ ನಡುವೆ ಮತ್ತೊಂದು ಉಪಾಯವಿದೆ. 480 ಕೆಲಸಗಳನ್ನು ಒಟ್ಟಿಗೆ ಕಟ್ಟು ಕಟ್ಟಿ ಒಪ್ಪಿಸಿ, ಒಂದೊಂದು ಮುಗಿದಂತೆ ಅದರ ಫಲವನ್ನು ಪಡೆಯುತ್ತ, ಎಲ್ಲ ಬಂದ ಮೇಲೆ ಕೂಡಿಸಬಹುದು. ಜಿಲ್ಲೆಯ ಒಟ್ಟು ಮೊತ್ತವು ಬೇಕಾದಾಗ ಇದೇ ತಕ್ಕ ದಾರಿ.

ಇಷ್ಟರವರೆಗೆ ಎಲ್ಲವೂ ಸುಗಮವಾಗಿ ನಡೆಯುತ್ತದೆಂದು ಭಾವಿಸಿದೆವು. ಯಂತ್ರಗಳು ಕೆಡುತ್ತವೆ, ವಿದ್ಯುತ್ತು ಹೋಗುತ್ತದೆ, ರಸ್ತೆ ಅಗೆಯುವವನ ಗುದ್ದಲಿಗೆ ಜಾಲದ ತಂತಿ ತುಂಡಾಗುತ್ತದೆ. ಹಂಚಿ ಕೆಲಸ ಮಾಡುವ ಯಂತ್ರಗಳ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಇಂತಹ ವಿಘ್ನಗಳ ವಿಚಾರವೇ ಆಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಕೆಲಸದ ನಡುವೆ ವರ್ಕರ್ ನಿಂತುಹೋಯಿತೆನ್ನೋಣ. ಅದರೊಡನಿದ್ದ ಸಂಪರ್ಕ ಕಡಿದುದನ್ನು ಸರ್ವರ್ ಕಂಡುಕೊಂಡು, ಆ ಕೆಲಸವನ್ನು ಮತ್ತೆ ಸರದಿಗೆ ಸೇರಿಸಿ ಬೇರೊಂದು ವರ್ಕರಿಗೆ ಕೊಡುತ್ತದೆ. ಇದು ದೊಡ್ಡ ಅನುಕೂಲ. ಆದರೆ ವರ್ಕರ್ ತಾನಾಗಿಯೇ 'ಈ ಕೆಲಸ ನನ್ನಿಂದ ಆಗಲಿಲ್ಲ' ಎಂದು ತಿಳಿಸಿದರೆ ಸರ್ವರ್ ಅದನ್ನು ಮತ್ತೆ ಪ್ರಯತ್ನಿಸುವುದಿಲ್ಲ. ಸೋಲಿನ ಸುದ್ದಿಯನ್ನು ಕಾದಿರುವ ಕ್ಲೈಂಟಿಗೆ ತಲುಪಿಸುತ್ತದೆ. ಇನ್ನೊಂದು ಸಂದರ್ಭವೂ ಉಂಟು. ಕೆಲಸದಲ್ಲಿಯೇ ದೋಷವಿದ್ದು, ಅದನ್ನು ಮುಟ್ಟಿದ ವರ್ಕರೆಲ್ಲ ಬೀಳುತ್ತ ಹೋಗಬಹುದು. ಒಂದೇ ಒಂದು ಕೆಟ್ಟ ದಾಖಲೆಯು ಹೀಗೆ ಎಲ್ಲ ಯಂತ್ರಗಳನ್ನೂ ಸರದಿಯಾಗಿ ಕೆಡವಬಲ್ಲುದು. ಆದುದರಿಂದ ಎಷ್ಟು ಬಾರಿ ಮರಳಿ ಪ್ರಯತ್ನಿಸಬೇಕೆಂಬುದಕ್ಕೆ ಮಿತಿಯನ್ನು ಗೊತ್ತುಮಾಡುತ್ತಾರೆ.

ಜಾಬ್ ಸರ್ವರೇ ನಿಂತುಹೋದರೆ? ಅದಕ್ಕಾಗಿ ಒಂದರ ಬದಲು ಎರಡು ಮೂರು ಸರ್ವರುಗಳನ್ನು ಬೇರೆ ಬೇರೆ ಕಡೆಗಳಲ್ಲಿ ಇಡುತ್ತಾರೆ. ಕ್ಲೈಂಟ್ ಲೈಬ್ರರಿಗೆ ಎಲ್ಲವುಗಳ ವಿಳಾಸಗಳನ್ನೂ ಕೊಟ್ಟಿರುತ್ತಾರೆ. ಒಂದರ ಬಾಗಿಲು ತೆರೆಯದಿದ್ದರೆ ಲೈಬ್ರರಿಯು ಮುಂದಿನದನ್ನು ತಟ್ಟುತ್ತದೆ. ವರ್ಕರುಗಳು ಎಲ್ಲ ಸರ್ವರುಗಳೊಂದಿಗೂ ಸಂಪರ್ಕವಿಟ್ಟುಕೊಂಡಿರುತ್ತವೆ. ಈ ಸರ್ವರುಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವುದಿಲ್ಲವೆಂಬುದು ಗಮನಾರ್ಹ. ಒಂದರ ಸರದಿಯಲ್ಲಿದ್ದ ಕೆಲಸಗಳು ಮತ್ತೊಂದಕ್ಕೆ ತಿಳಿದಿರುವುದಿಲ್ಲ. ಸರದಿಯನ್ನು ಸ್ಮರಣೆಯಲ್ಲಿ ಮಾತ್ರ ಇಟ್ಟುಕೊಂಡಿದ್ದರೆ, ಸರ್ವರ್ ಆರಿದೊಡನೆ ಚೀಟಿ ಪಡೆದು ಹೋದವರ ಕೆಲಸಗಳೆಲ್ಲವೂ ಅಳಿದುಹೋಗುತ್ತವೆ. ಹಾಗಾಗದಂತೆ ಅವುಗಳನ್ನು ಡೇಟಾಬೇಸಿನಲ್ಲಿ ಬರೆದಿಡುವ ಅನುಕೂಲವಿದೆ. ಬರೆದಿಡಲು ಹೆಚ್ಚು ಹೊತ್ತು ಬೇಕು. ವೇಗ ಬೇಕೋ ಭದ್ರತೆ ಬೇಕೋ ಎಂಬುದನ್ನು ಕೆಲಸದ ಮಹತ್ವವನ್ನು ನೋಡಿ ತೀರ್ಮಾನಿಸಬೇಕು. ಒಂದು ಚಿತ್ರವನ್ನು ಚಿಕ್ಕದು ಮಾಡುವ ಕೆಲಸ ಕಳೆದುಹೋದರೆ ಮತ್ತೊಮ್ಮೆ ಮಾಡಿದರಾಯಿತು. ಒಬ್ಬ ವಿಧವೆಯ ಹೆಸರಿಗೆ ಹೊಲವನ್ನು ಬದಲಿಸುವ ಅರ್ಜಿ ಕಳೆದುಹೋದರೆ ಯಾರು ಹೊಣೆ?

ಕಳೆದುಹೋಗುವುದಕ್ಕಿಂತ ಗೂಢವಾದ ಅಪಾಯವೆಂದರೆ ಒಂದೇ ಕೆಲಸವು ಎರಡು ಬಾರಿ ನಡೆಯುವುದು. ವರ್ಕರ್ ಕೆಲಸವನ್ನು ಮುಗಿಸಿತು. 'ಮುಗಿಯಿತು' ಎಂದು ಹೇಳುವುದರೊಳಗೆ ತಂತಿ ಕಡಿಯಿತು. ಸರ್ವರಿಗೆ ಕೆಲಸ ಮುಗಿದ ಸಂಗತಿ ತಿಳಿಯದು. ಅದು ಇನ್ನೊಬ್ಬರಿಗೆ ಅದೇ ಕೆಲಸವನ್ನು ಕೊಡುತ್ತದೆ. ಕೆಲಸವು ಪಟ್ಟಿ ಮಾಡುವುದಾಗಿದ್ದರೆ ಅದೇ ಪಟ್ಟಿ ಮತ್ತೊಮ್ಮೆ ಸಿದ್ಧವಾಗುತ್ತದೆ, ಹಾನಿಯಿಲ್ಲ. 'ಈ ಖಾತೆಗೆ ಇಷ್ಟು ರೂಪಾಯಿ ಸೇರಿಸು' ಎಂಬುದಾಗಿದ್ದರೆ ಒಬ್ಬನಿಗೆ ಇಮ್ಮಡಿ ಪರಿಹಾರ ಹೋಗುತ್ತದೆ. ತಡೆಯಲು ಮಾಡಬೇಕಾದುದೇನು? 'ಸೇರಿಸು' ಎಂಬುದರ ಬದಲಾಗಿ, 'ಈ ಸಂಖ್ಯೆಯ ಅರ್ಜಿಗೆ ಹಣ ಸಂದಿಲ್ಲವಾದರೆ ಮಾತ್ರ ಸಲ್ಲಿಸಿ, ಸಂದಿತೆಂದು ಗುರುತು ಹಾಕು' ಎಂಬಂತೆ ಕೆಲಸವನ್ನು ರೂಪಿಸಬೇಕು. ಹಣ ಸಲ್ಲಿಸುವುದೂ ಗುರುತು ಹಾಕುವುದೂ ಒಂದೇ ಏಟಿಗೆ ಆಗಬೇಕು. ನಡುವೆ ಬಿರುಕಿದ್ದರೆ ಅಪಾಯವೂ ಅಲ್ಲಿಯೇ ಉಳಿಯುತ್ತದೆ. ಹೀಗೆ ರೂಪಿಸಿದ ಕೆಲಸವನ್ನು ಹತ್ತು ಬಾರಿ ಮಾಡಿದರೂ ಫಲ ಒಂದೇ. ಗಿಯರ್‌ಮನ್‌ನಲ್ಲಿ ಕೆಲಸಕ್ಕೆ ವಿಶಿಷ್ಟ ಗುರುತನ್ನು ಕೊಟ್ಟರೆ, ಅದೇ ಹೆಸರಿನ, ಅದೇ ಗುರುತಿನ ಕೆಲಸವು ಸರದಿಯಲ್ಲಿರುವಾಗ ಎರಡನೆಯ ಬಾರಿ ಬಂದುದನ್ನು ಸರ್ವರ್ ಮೊದಲನೆಯದರೊಂದಿಗೆ ಕೂಡಿಸಿಬಿಡುತ್ತದೆ. ಆದರೆ ಮೊದಲನೆಯದು ಮುಗಿದ ಮೇಲೆ ಬಂದರೆ ಅದು ಹೊಸ ಕೆಲಸವೇ. ಆದಕಾರಣ ಹಣಕಾಸಿನ ವಿಷಯದಲ್ಲಿ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಸರದಿಯ ವಿಷಯಕ್ಕೆ ಮತ್ತೆ ಬರೋಣ. ಗಿಯರ್‌ಮನ್ ಕೆಲಸಗಳಿಗೆ ಹೆಚ್ಚಿನ, ಸಾಮಾನ್ಯ, ಕಡಿಮೆ ಎಂಬ ಮೂರು ದರ್ಜೆಯ ಆದ್ಯತೆಗಳನ್ನು ಕೊಡುತ್ತದೆ. ಹೆಚ್ಚಿನ ಆದ್ಯತೆಯ ಕೆಲಸವು ಉಳಿದವುಗಳನ್ನು ದಾಟಿ ಮುಂದೆ ಬರುತ್ತದೆ. ಇದು ಉಪಯುಕ್ತವೂ ಹೌದು, ಅಪಾಯಕರವೂ ಹೌದು. ಕಿಟಕಿಯಲ್ಲಿ ನಿಂತವನ ಉತಾರವು ರಾತ್ರಿಯ ಲೆಕ್ಕಕ್ಕಿಂತ ಮೊದಲಾಗುವುದು ನ್ಯಾಯವೇ. ಆದರೆ ಒಂದೇ ಬಗೆಯ ಅರ್ಜಿಗಳಲ್ಲಿ ಕೆಲವಕ್ಕೆ ಹೆಚ್ಚಿನ ಆದ್ಯತೆಯನ್ನು ಕೊಡಲು ಅವಕಾಶವಿತ್ತರೆ, 'ಭೂಮಿ'ಯು ಮುಚ್ಚಿದ ಹಿಂಬಾಗಿಲನ್ನು ಯಂತ್ರವೇ ಮತ್ತೆ ತೆರೆದಂತಾಗುತ್ತದೆ. ಅಲ್ಲದೆ, ಹೆಚ್ಚಿನ ಆದ್ಯತೆಯ ಕೆಲಸಗಳು ಬರುತ್ತಲೇ ಇದ್ದರೆ ಕಡಿಮೆಯ ಸಾಲಿನಲ್ಲಿದ್ದವು ಎಂದೆಂದಿಗೂ ಮುಟ್ಟಲ್ಪಡದೆ ಉಳಿಯುವ ಸಂಭವವೂ ಉಂಟು.

ಆದ್ಯತೆಯನ್ನು ಬಳಸದಿದ್ದರೂ ಇನ್ನೊಂದು ತೊಡಕಿದೆ. ಇದು ಬುದ್ಧಿವಂತರನ್ನೂ ಮೋಸಗೊಳಿಸುವಂಥದು. ಸರದಿಯಲ್ಲಿ ಮೊದಲು ನಿಂತ ಕೆಲಸವು ಮೊದಲು ಆರಂಭವಾಗುತ್ತದೆ, ನಿಜ. ಆದರೆ ವರ್ಕರುಗಳು ಹಲವಿರುವಾಗ ಅದೇ ಮೊದಲು ಮುಗಿಯುತ್ತದೆಂಬ ಭರವಸೆಯಿಲ್ಲ. ಮುದ್ದೇಬಿಹಾಳದ ಒಂದು ಹೊಲವನ್ನು ತಂದೆಯಿಂದ ಮಗನ ಹೆಸರಿಗೆ ಬದಲಿಸುವ ಅರ್ಜಿಯೊಂದು. ಅದೇ ಹೊಲವನ್ನು ಮಗನು ಬೇರೊಬ್ಬನಿಗೆ ಮಾರಿದ ಅರ್ಜಿ ಇನ್ನೊಂದು. ಎರಡನ್ನೂ ಇಬ್ಬರು ವರ್ಕರುಗಳು ಎತ್ತಿಕೊಂಡು, ಎರಡನೆಯದು ಮೊದಲು ಮುಗಿಯಲು ಹೊರಟರೆ, ತನ್ನದಲ್ಲದ ಹೊಲವನ್ನು ಮಗನು ಮಾರಿದಂತೆ ದಾಖಲೆಯು ನುಡಿಯುತ್ತದೆ. ಆದುದರಿಂದ ಹಳ್ಳಿಗಳ ಪಟ್ಟಿಯನ್ನು ಹಂಚಿದಷ್ಟು ಸರಾಗವಾಗಿ ಹಕ್ಕು ಬದಲಾವಣೆಯನ್ನು ಹಂಚಲಾಗದು. ಒಂದೇ ಸರ್ವೆ ನಂಬರಿಗೆ ಸೇರಿದ ಅರ್ಜಿಗಳು ಒಂದರ ಹಿಂದೆ ಒಂದಾಗಿಯೇ ನಡೆಯಬೇಕು. ಬೇರೆ ಬೇರೆ ಸರ್ವೆ ನಂಬರುಗಳವು ಏಕಕಾಲಕ್ಕೆ ನಡೆದರೆ ಅಡ್ಡಿಯಿಲ್ಲ. ಕೆಲಸವನ್ನು ಹಂಚುವ ಮೊದಲು ಯಾವುದು ಯಾವುದನ್ನು ಅವಲಂಬಿಸಿದೆಯೆಂದು ನೋಡಬೇಕೆಂಬುದು ಇದರಿಂದ ವಿದಿತವಾಗುತ್ತದೆ. ಈ ವಿವೇಕವನ್ನು ಯಾವ ಲೈಬ್ರರಿಯೂ ತಾನಾಗಿ ಒದಗಿಸುವುದಿಲ್ಲ.

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಉಳಿದಿದೆ. ಜಾಬ್ ಸರ್ವರ್ ತನ್ನ ಮೂಲಕ ಸಾಗುವ ವಿವರವನ್ನು ಓದುವುದಿಲ್ಲ. ಅಂಚೆಯವನು ಮುಚ್ಚಿದ ಲಕೋಟೆಯನ್ನು ಒಯ್ಯುವಂತೆ ಬೈಟುಗಳನ್ನು ಒಯ್ಯುತ್ತದೆ. ಆ ಬೈಟುಗಳಿಂದ ಅಕ್ಷರಗಳನ್ನು ಕೂಡಿಸುವ ರೀತಿಯು ಕ್ಲೈಂಟಿಗೂ ವರ್ಕರಿಗೂ ಒಂದೇ ಆಗಿರಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ತಂತ್ರಾಂಶಗಳು ಒಂದೊಂದು ಒಂದೊಂದು ರೀತಿಯಲ್ಲಿ ಅಕ್ಷರಗಳನ್ನು ಇಡುತ್ತಿದ್ದವು; ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಇಂದು ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. 'ಇಂಡಿ' ಎಂಬುದನ್ನು ನಾವು ಎರಡಕ್ಷರವೆನ್ನುತ್ತೇವೆ. ಯಂತ್ರಕ್ಕೆ ಅದು ಇಕಾರ, ಅನುಸ್ವಾರ, ಡಕಾರ, ಇಕಾರದ ಗುಡಿಸು ಎಂಬ ನಾಲ್ಕು ಸಂಕೇತಗಳು, 12 ಬೈಟುಗಳು. 'ಸಿಂದಗಿ' ಮೂರಕ್ಷರ, 18 ಬೈಟುಗಳು. ಅಕ್ಷರಗಳನ್ನು ಎಣಿಸಿ ಉದ್ದವನ್ನು ಬರೆದವನ ಸಂದೇಶವು ನಡುವೆಯೇ ಕತ್ತರಿಸಿಹೋಗುತ್ತದೆ.

ಹೆಸರುಗಳ ಬರವಣಿಗೆಯೂ ಒಂದೇ ರೀತಿಯಲ್ಲಿರುವುದಿಲ್ಲ. 'ಬಸವನ ಬಾಗೇವಾಡಿ' ಎಂದು ಬಿಡಿಸಿ ಬರೆಯುವವರೂ ಉಂಟು, 'ಬಸವನಬಾಗೇವಾಡಿ' ಎಂದು ಕೂಡಿಸಿ ಬರೆಯುವವರೂ ಉಂಟು. ನಮಗೆ ಅದು ಒಂದೇ ಊರು, ಬಸವಣ್ಣನವರು ಹುಟ್ಟಿದ ಊರು. ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಸಾಲುಗಳು. ಎರಡು ಬೇರೆ ಗುರುತುಗಳೆಂದು ತಿಳಿದು ಒಂದೇ ಹಳ್ಳಿಯ ಕೆಲಸವನ್ನು ಎರಡು ಬಾರಿ ಮಾಡಿಸುತ್ತದೆ. ಈ ಕಾರಣದಿಂದ ಗುರುತಿಗಾಗಿ ಊರಿನ ಹೆಸರನ್ನು ಬಳಸದೆ, ಹಳ್ಳಿಗೊಂದರಂತೆ ಗೊತ್ತುಪಡಿಸಿದ ಸಂಖ್ಯೆಯನ್ನು ಬಳಸುವುದು ಲೇಸು. ಹಳ್ಳಿಯ ಸಂಖ್ಯೆಯಲ್ಲಿ ತಾಲ್ಲೂಕಿನ ಸಂಖ್ಯೆಯನ್ನು ಬೆರೆಸದಿರುವುದು ಇನ್ನೂ ಲೇಸು. ಏಕೆಂದರೆ ತಾಲ್ಲೂಕುಗಳ ಗಡಿಗಳು ಸ್ಥಿರವಲ್ಲ. ಈಚಿನ ವರ್ಷಗಳಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊಸ ತಾಲ್ಲೂಕುಗಳಾಗಿ ಒಡೆದವು. ಸಂಖ್ಯೆಯನ್ನು ವಿವೇಚನೆಯಿಂದ ಗೊತ್ತುಪಡಿಸಿದ್ದ ಪಕ್ಷದಲ್ಲಿ ಕ್ಲೈಂಟ್ ಎಂದಿನಂತೆ ಅದೇ ಬಾಗಿಲಿಗೆ ಅದೇ ಹೆಸರಿನ ಕೆಲಸವನ್ನು ಒಪ್ಪಿಸುತ್ತದೆ. ತಾಳಿಕೋಟೆಯ ಕಚೇರಿಯಲ್ಲಿ ಹೊಸದಾಗಿ ಇಟ್ಟ ಯಂತ್ರವೂ ಅದೇ ಸರದಿಗೆ ಬಂದು ಕೆಲಸವಿದೆಯೇ ಎಂದು ಕೇಳುತ್ತದೆ.